ಕೇಬಲ್ ಸೇತುವೆ ಬೇಕು, ಬುಡ ನೋಡುವವರೂ ಬೇಕು

ಗೋವಾದ ಜುವಾರಿ ನದಿಯ ಕೇಬಲ್ ಸೇತುವೆ ದಾಟಿ ಬಂದ ಮಂಗಳೂರಿಗರು ಕೇಳುವುದುಂಟು, ನಮ್ಮ ಅಳಿವೆಗೂ ಅಂಥದ್ದೊಂದು ಸೇತುವೆ ಬೇಡವೇ ಅಂತ. ಖಂಡಿತ ಬೇಕು. ಆದರೆ ಅದನ್ನು ನೋಡಿಕೊಳ್ಳುವ ದುಡ್ಡನ್ನೂ ಈಗಲೇ ಕೇಳಿ.

ಇದು ತೂಗುಸೇತುವೆ ಅಲ್ಲ. ಉಡುಪಿ ಬಳಿಯ ಕೆಮ್ಮಣ್ಣು ಊರಿನದು ತೂಗುಸೇತುವೆ, ಅಲ್ಲಿ ಹಗ್ಗದ ಎಳೆತವನ್ನು ದಡದ ನೆಲವೇ ತಡೆಯಬೇಕು. ಇಲ್ಲಿ ಪ್ರತಿ ಕೇಬಲ್ಲೂ ಗೋಪುರದಿಂದ ನೇರವಾಗಿ ರಸ್ತೆಯ ಹಾಸಿಗೆ, ಅಂದರೆ ವಾಹನ ಓಡುವ ಚಪ್ಪಡಿಗೆ, ಬಂದು ಕಚ್ಚಿಕೊಳ್ಳುತ್ತದೆ, ಅಡ್ಡ ಎಳೆತವನ್ನು ಹಾಸೇ ಹೊರುತ್ತದೆ. ಸಡಿಲ ಮರಳಿನ ದಡಕ್ಕೆ ಇದು ಹೊಂದುವುದು ಅದಕ್ಕೇ. ನೀರಿನಲ್ಲಿ ಕಂಬ ಕಡಿಮೆ, ಬೋಟುಗಳಿಗೆ ದಾರಿ ಜಾಸ್ತಿ.

ಒಂದು ಕೇಬಲ್ ಅಂದರೆ ಏಳು ತಂತಿ ಹೊಸೆದ 15.7 ಮಿ.ಮೀ. ಎಳೆಗಳ ಕಟ್ಟು. ಒಂದೊಂದು ಎಳೆ ತುಂಡಾಗಲು ಸುಮಾರು 28 ಟನ್ ಎಳೆತ ಬೇಕು. ದಿನನಿತ್ಯ ಅದರ ಮೇಲೆ ಬೀಳುವುದು ಅರ್ಧಕ್ಕಿಂತ ಕಡಿಮೆ. ಎಳೆಗೆ ಸತುವಿನ ಲೇಪ, ಮೇಣ, ಪ್ಲಾಸ್ಟಿಕ್ ಹೊದಿಕೆ, ಎಲ್ಲದರ ಹೊರಗೆ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಪೈಪು. ಪೈಪಿನ ಮೇಲೆ ಸುರುಳಿಯಾಗಿ ಎದ್ದಿರುವ ಏಣು ಚೆಂದಕ್ಕಲ್ಲ. ಮಳೆನೀರು ಪೈಪಿನುದ್ದಕ್ಕೂ ಗೆರೆಯಾಗಿ ಹರಿದರೆ ಸಾಧಾರಣ ಗಾಳಿಗೂ ಕೇಬಲ್ ಕುಣಿಯತೊಡಗುತ್ತದೆ. ಏಣು ಆ ಗೆರೆಯನ್ನು ತುಂಡರಿಸುತ್ತದೆ.

ಕೆಡುವುದು ಬುಡ, ಅಂದರೆ ಕೇಬಲ್ ಬಂದು ಹಾಸನ್ನು ಕಚ್ಚಿಕೊಳ್ಳುವ ಜಾಗ. ಎಳೆಯನ್ನು ಹಿಡಿದಿಡುವ ಬೆಣೆಗಳು ಉಕ್ಕನ್ನೇ ಕಚ್ಚಬೇಕಾದ್ದರಿಂದ ಅಲ್ಲಿ ಎಳೆಯ ಹೊದಿಕೆ ಸುಲಿದಿರುತ್ತಾರೆ. ಮೇಲಿನ ರಬ್ಬರ್ ಪಟ್ಟಿ ಬಿಸಿಲಿಗೆ ಸೀಳಿದರೆ ನೀರು ಪೈಪಿನೊಳಗೆ ಇಳಿದು, ಕೆಳಗಿನ ತೂತು ಕಸದಿಂದ ಮುಚ್ಚಿದ್ದರೆ ಅಲ್ಲೇ ನಿಲ್ಲುತ್ತದೆ. ನಮ್ಮ ಉಪ್ಪುಗಾಳಿಗೆ ಕಿಟಕಿಯ ಸರಳೇ ಉಳಿಯುವುದಿಲ್ಲ, ಇನ್ನು ಸುಲಿದ ತಂತಿಯ ಪಾಡೇನು? ಬುಡದ ಮುಚ್ಚಳ ಬಿಚ್ಚಿದಾಗ ಬಿಳಿ ಪುಡಿ ಕಂಡರೆ ಸತು ಕರಗುತ್ತಿದೆ, ಸಮಯ ಇದೆ. ಕಂದು ಕಲೆ ಕಂಡರೆ ತುಕ್ಕು ಉಕ್ಕನ್ನೇ ಮುಟ್ಟಿದೆ. ಆಗಲೂ ಇಡೀ ಕೇಬಲ್ ಬಿಚ್ಚಬೇಕಿಲ್ಲ. ಚಿಕ್ಕ ಜಾಕ್ ಹಚ್ಚಿ ಒಂದೊಂದೇ ಎಳೆ ಬದಲಿಸಬಹುದು.

2018ರಲ್ಲಿ ಇಟಲಿಯ ಜಿನೋವಾದಲ್ಲಿ ಸೇತುವೆ ಕುಸಿದು 43 ಜನ ಸತ್ತರು. ಅಲ್ಲಿ ಉಕ್ಕಿನ ಎಳೆಗಳನ್ನು ಕಾಂಕ್ರೀಟಿನೊಳಗೆ ಹುದುಗಿಸಿದ್ದರು, ಬಿಚ್ಚಿ ನೋಡಲು ಮುಚ್ಚಳವಿರಲಿಲ್ಲ.

ಆದ್ದರಿಂದ ಟೆಂಡರಿನಲ್ಲೇ ಬರೆಸಬೇಕು: ಹಾಸಿನ ಅಡಿಯಲ್ಲಿ ಪ್ರತಿ ಬುಡಕ್ಕೂ ಮನುಷ್ಯ ನಡೆದು ತಲುಪುವ ದಾರಿ, ನೀರಿನ ತೂತು ಶುಚಿ ಮಾಡುವ ಜನ, ರಬ್ಬರ್ ಪಟ್ಟಿ ಬದಲಿಸಲು ವರ್ಷವರ್ಷ ಎತ್ತಿಟ್ಟ ಹಣ. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವ ಹೊತ್ತಿಗೆ ಸೇತುವೆಯ ತಪಾಸಣೆ ಮುಗಿದಿರಬೇಕು. ಆಮೇಲೆ ನಾಲ್ಕು ತಿಂಗಳು ಮಳೆ ಬಿಡುವುದಿಲ್ಲ.