ಲಾರಿ ಎಂಜಿನ್ನಿಗೆ ಡೀಸೆಲ್ ಸಿಂಪಡಿಸಿ ತೊಳೆಯುವ ಸಲಹೆ: ಒಂದು ಸ್ಪಷ್ಟನೆ

ಎಂಜಿನ್ ಚಾಲೂ ಇರುವಾಗಲೇ ಡೀಸೆಲ್ ಸಿಂಪಡಿಸಿ, ಬಳಿಕ ಪ್ರೆಶರ್ ಪಂಪಿನಿಂದ ನೀರು ಹಾಯಿಸಿದರೆ ಜಿಡ್ಡು ಪೂರ್ತಿ ಹೋಗಿ ರಬ್ಬರ್ ಪೈಪುಗಳೂ ಹೊಳೆಯುತ್ತವೆ ಎಂಬ ಸಲಹೆ ಲಾರಿ ಮಾಲೀಕರ ನಡುವೆ ಹರಿದಾಡುತ್ತಿದೆ. ಡೀಸೆಲ್ ಜಿಡ್ಡನ್ನು ಕರಗಿಸುತ್ತದೆ ಎಂಬುದಷ್ಟೇ ಇದರಲ್ಲಿ ನಿಜ.

ಲೋಡು ಎಳೆದು ಬಂದ ಲಾರಿಯ ಟರ್ಬೊ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡ್, ಡೀಸೆಲ್ ಹನಿಗೆ ಬೆಂಕಿ ಹೊತ್ತಿಸುವಷ್ಟು ಕಾದಿರಬಹುದು. ಹೊಳಪಿನಂತೆ ಕಾಣುವುದು ಉಳಿದುಹೋದ ಎಣ್ಣೆಯ ಪದರವಷ್ಟೆ. ಅದು ಧೂಳನ್ನು ಹಿಡಿದಿಡುತ್ತದೆ, ಬೆಲ್ಟು ಮತ್ತು ಕೆಲವು ರಬ್ಬರ್ ಪೈಪುಗಳನ್ನು ಕಾಲಕ್ರಮೇಣ ಉಬ್ಬಿಸಿ ಮೆತ್ತಗಾಗಿಸುತ್ತದೆ. ಹಳೆಯ ಮೆಕ್ಯಾನಿಕಲ್ ಡೀಸೆಲ್ ಪಂಪಿನ ಲಾರಿಗಳು ನೀರಿನ ರಭಸವನ್ನು ತಕ್ಕಮಟ್ಟಿಗೆ ತಾಳಿಕೊಳ್ಳುತ್ತಿದ್ದವು, ನಿಜ. ಆದರೆ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಎಂಬ ಹೊಗೆ ನಿಯಂತ್ರಣ ಮಾನದಂಡದ ವಾಹನಗಳಲ್ಲಿ ಸೆನ್ಸರುಗಳೂ ವೈರಿಂಗ್ ಕನೆಕ್ಟರುಗಳೂ ಹೆಚ್ಚಿದ್ದು, ಒಳಸೇರಿದ ತೇವ ಎಂಜಿನ್ನನ್ನೇ ನಿಲ್ಲಿಸಬಲ್ಲದು.

ಮನೆಯಲ್ಲೇ ತೊಳೆಯುವವರು ಎಂಜಿನ್ ಪೂರ್ತಿ ತಣಿಯುವವರೆಗೆ ಕಾಯಬೇಕು. ಕ್ಯಾಬಿನ್ ಎತ್ತಿದ ಮೇಲೆ ಅದರ ಲಾಕ್ ಬಿದ್ದಿದೆಯೇ ಎಂದು ನೋಡದೆ ಯಾರೂ ಅದರಡಿಗೆ ತಲೆ ಹಾಕಬಾರದು. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಆಲ್ಟರ್ನೇಟರ್, ಇಸಿಯು (ಎಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ), ಕನೆಕ್ಟರುಗಳು ಹಾಗೂ ಗಾಳಿ ಎಳೆಯುವ ಬಾಯಿಯನ್ನು ಪ್ಲಾಸ್ಟಿಕ್ಕಿನಿಂದ ಮುಚ್ಚಿ, ನೀರಿನಲ್ಲಿ ಕರಗುವ ಡಿಗ್ರೀಸರ್ (ಜಿಡ್ಡು ತೆಗೆಯುವ ದ್ರಾವಣ) ಹಚ್ಚಿ ಬ್ರಷ್ಷಿನಿಂದ ಉಜ್ಜಬೇಕು. ತೊಳೆಯಲು ಸಾಧಾರಣ ಪೈಪಿನ ನೀರು ಸಾಕು. ಒರೆಸಿ, ಒಣಗಿಸಿ, ಪ್ಲಾಸ್ಟಿಕ್ ತೆಗೆದ ನಂತರವೇ ತಂತಿ ಜೋಡಿಸಿ ಸ್ಟಾರ್ಟ್ ಮಾಡಬೇಕು. ಜಿಡ್ಡು ಬೆರೆತ ನೀರನ್ನು ಬಾವಿಯ ಕಡೆಗಾಗಲಿ ಚರಂಡಿಗಾಗಲಿ ಹರಿಯಗೊಡಬಾರದು.