ಮುಂದೆ ಹಿಡೀತಾವ್ರೆ!

ಹೋದ ಭಾನುವಾರ ಗುಬ್ಬಿ ಕಡೆಯಿಂದ ತುಮಕೂರಿಗೆ ಬರುತ್ತಿದ್ದೆ. ಹೆಗ್ಗೆರೆ ಹತ್ತಿರ ಎದುರಿಗೆ ಬಂದ ಸ್ಪ್ಲೆಂಡರ್ ಸವಾರ ಹೆಡ್‌ಲೈಟನ್ನು ಎರಡು ಸಲ ಮಿಣುಕಿಸಿದ. ಆಮೇಲೆ ಎಡಗೈ ಎತ್ತಿ ತನ್ನ ತಲೆಯನ್ನು ತಾನೇ ಮೊಟಕಿಕೊಂಡ. ಅವನು ಯಾರೋ, ನಾನು ಯಾರೋ. ಅವನ ಊರು, ಕೇರಿ, ಜಾತಿ, ಪಕ್ಷ ಒಂದೂ ನನಗೆ ಗೊತ್ತಿಲ್ಲ. ಆದರೂ ಅವನು ಹೇಳಿದ್ದು ಪೂರ್ತಿ ಅರ್ಥವಾಯಿತು: ‘ಮುಂದೆ ಹಿಡೀತಾವ್ರೆ, ಹೆಲ್ಮೆಟ್ ಹಾಕ್ಕೊ.’

ಕನ್ನಡಿಗೆ ನೇತು ಹಾಕಿದ್ದ ಹೆಲ್ಮೆಟ್ ತೆಗೆದು ತಲೆಗೆ ಹಾಕಿಕೊಂಡೆ. ಪೊಲೀಸರು ನನ್ನನ್ನು ನೋಡಿ, ಒಳ್ಳೇ ಮನುಷ್ಯ ಅನ್ನುವ ಹಾಗೆ ಕೈ ಬೀಸಿ ಕಳಿಸಿದರು. ಅರ್ಧ ಕಿಲೋಮೀಟರ್ ಆದ ಮೇಲೆ ಸೆಕೆ ಅನಿಸಿತು. ಹೆಲ್ಮೆಟ್ ವಾಪಸ್ ಕನ್ನಡಿಗೆ ಹೋಯಿತು. ಅಲ್ಲಿಂದ ಗುಬ್ಬಿ ಗೇಟ್ ತನಕ ಎದುರಿಗೆ ಬಂದವರಿಗೆಲ್ಲ ನಾನೂ ತಲೆ ಮೊಟಕಿಕೊಂಡು ತೋರಿಸಿದೆ. ಋಣ ಇಟ್ಟುಕೊಳ್ಳಬಾರದು, ಅಲ್ವಾ?

ರಸ್ತೆ ಸುರಕ್ಷತೆಗೆ ಸಾರ್ವಜನಿಕರು ಸಹಕರಿಸುತ್ತಿಲ್ಲ ಅಂತ ಯಾರಾದರೂ ಮೈಕಿನಲ್ಲಿ ಹೇಳಿದರೆ ಅದಕ್ಕೇ ನನಗೆ ನಗು ಬರುತ್ತದೆ. ಇದಕ್ಕಿಂತ ಸಹಕಾರ ಇನ್ನೇನು ಬೇಕು? 112ಕ್ಕಾದರೆ ಕಂಟ್ರೋಲ್ ರೂಮ್ ಬೇಕು, ವಾಹನ ಬೇಕು, ಸಿಬ್ಬಂದಿ ಬೇಕು. ನಮ್ಮ ಜಾಲಕ್ಕೆ ಅದೇನೂ ಬೇಡ. ಬಟವಾಡಿಯಲ್ಲಿ ಬ್ಯಾರಿಕೇಡ್ ಇಳಿಸುವಷ್ಟರಲ್ಲಿ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಿರುವವನಿಗೆ ಸುದ್ದಿ ಮುಟ್ಟಿರುತ್ತದೆ. ಅವನು ಚಟ್ನಿ ಇನ್ನೊಂದು ಸಲ ಹಾಕಿಸಿಕೊಂಡು ಆರಾಮಾಗಿ ಕೂರುತ್ತಾನೆ. ಕೈ ತೊಳೆಯುವ ಹೊತ್ತಿಗೆ ‘ಎತ್ಕೊಂಡ್ರು’ ಅಂತ ಎರಡನೇ ಸುದ್ದಿ ಬರುತ್ತದೆ.

ಹೆಲ್ಮೆಟ್ ಇರುವುದು ತಲೆಗಲ್ಲ, ದಂಡಕ್ಕೆ ಅಂತ ನಾವು ಯಾವತ್ತೋ ತೀರ್ಮಾನ ಮಾಡಿದ್ದೇವೆ. 2019ರ ಸೆಪ್ಟೆಂಬರಿನಲ್ಲಿ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು. ಹೆಲ್ಮೆಟ್ ಇಲ್ಲದಿದ್ದರೆ 1000 ರೂಪಾಯಿ ಅಂದರು. ನಾವು ಹೌಹಾರಿದೆವು. ಅದೇ ತಿಂಗಳು ರಾಜ್ಯ ಸರ್ಕಾರ ಕನಿಕರಪಟ್ಟು 500ಕ್ಕೆ ಇಳಿಸಿತು. ಆಮೇಲೆ 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಬಂತು. 2025ರ ಆಗಸ್ಟಿನಲ್ಲಿ ಮತ್ತೆ ಅರ್ಧ. ಅದೇ ವರ್ಷ ನವೆಂಬರಿನಲ್ಲಿ ಮತ್ತೊಂದು ಸಲ. ಸೀರೆ ಅಂಗಡಿಯವರಾದರೂ ಆಷಾಢ ಬರಲಿ ಅಂತ ಕಾಯುತ್ತಾರೆ.

ನಮ್ಮ ಪಕ್ಕದ ಮನೆಯವರು ಈ ವಿಷಯದಲ್ಲಿ ಬಹಳ ಲೆಕ್ಕಾಚಾರದ ಮನುಷ್ಯ. ಒಂಬತ್ತು ಕೇಸು ಕೂಡಿಟ್ಟಿದ್ದರು. ರಿಯಾಯಿತಿ ಬಂದ ದಿನ ರಸೀದಿ ಹಿಡಿದುಕೊಂಡು ಬಂದು ಕಾಂಪೌಂಡ್ ಮೇಲಿಂದ ತೋರಿಸಿದರು. ‘ನಾಲ್ಕೂವರೆ ಸಾವಿರ ಕಟ್ಬೇಕಿತ್ತು. ಎರಡು ಸಾವಿರದ ಇನ್ನೂರೈವತ್ತು ಕಟ್ದೆ. ಅಷ್ಟೇ ದುಡ್ಡು ಉಳೀತು ನೋಡಿ!’

ಒಳಗಿಂದ ಅವರ ಹೆಂಡತಿ, ‘ಹೆಲ್ಮೆಟ್ ಹಾಕ್ಕೊಂಡಿದ್ರೆ ಪೂರ್ತಿ ಉಳೀತಿತ್ತು’ ಅಂದರು.

‘ಹಾಕ್ಕೊಂಡಿದ್ರೆ ರಿಯಾಯಿತಿ ಎಲ್ಲಿ ಸಿಗ್ತಿತ್ತೇ?’

ಇಂಥ ಜನರ ಹತ್ತಿರ ಸ್ನೇಹ ಬೆಳೆಸಲು ಪೊಲೀಸರು ಹೊರಟಿದ್ದಾರೆ. 2025ರ ಜುಲೈಯಲ್ಲಿ ‘ಮನೆ ಮನೆಗೆ ಪೊಲೀಸ್’ ಅಂತ ಒಂದು ಕಾರ್ಯಕ್ರಮ ಶುರುವಾಯಿತು. ಚಾಲನೆ ಕೊಟ್ಟ ಗೃಹ ಸಚಿವ ಜಿ. ಪರಮೇಶ್ವರ ಅವರು ನಮ್ಮ ಜಿಲ್ಲೆಯ ಕೊರಟಗೆರೆಯಿಂದಲೇ ಗೆದ್ದವರು. ಬೀಟ್ ಪೊಲೀಸರು ತಾವೇ ಮನೆ ಬಾಗಿಲಿಗೆ ಬಂದು ಕಷ್ಟ ಸುಖ ಕೇಳುತ್ತಾರೆ. ಠಾಣೆ ಮೆಟ್ಟಿಲು ಹತ್ತಲು ಹೆದರುವವರಿಗೆ ಠಾಣೆಯೇ ಮೆಟ್ಟಿಲು ಹತ್ತಿ ಬರುತ್ತದೆ. ಯೋಚನೆ ಒಳ್ಳೆಯದೇ. ಆದರೆ ಇದನ್ನು ಮಾಡಿದವರು ನಮ್ಮ ಬೀದಿಯನ್ನು ನೋಡಿರಲಿಕ್ಕಿಲ್ಲ.

ಒಂದು ದಿನ ಬೆಳಿಗ್ಗೆ ಹನ್ನೊಂದಕ್ಕೆ ನಮ್ಮ ಗೇಟಿನ ಚಿಲಕ ಸದ್ದಾಯಿತು. ನೋಡಿದರೆ ಖಾಕಿ. ಸುಮಾರು ಮೂವತ್ತು ವರ್ಷದ ಹುಡುಗ, ಕೈಯಲ್ಲಿ ಒಂದು ಪುಸ್ತಕ, ಮುಖದಲ್ಲಿ ಸಂಕೋಚ. ‘ಸಾರ್, ನಿಮ್ಮ ಬೀಟ್ ಪೊಲೀಸ್ ನಾನು. ಏನಾದ್ರೂ ಸಮಸ್ಯೆ ಇದ್ಯಾ?’ ಅಂದ. ‘ಇಲ್ಲಪ್ಪ’ ಅಂದೆ. ಸಮಸ್ಯೆ ಶುರುವಾಗಿದ್ದು ಆಗಲೇ. ಎದುರು ಮನೆಯ ಕಿಟಕಿ ಪರದೆ ಅಲ್ಲಾಡಿತು. ಮೇಲಿನ ಮಹಡಿಯವರು ಒಣಗದ ಬಟ್ಟೆ ತೆಗೆಯಲು ಬಂದರು. ಹೂವಿನವಳು ಸೈಕಲ್ ನಿಲ್ಲಿಸಿ ಯಾರೂ ಕೇಳದ ಕನಕಾಂಬರ ಅಳೆಯತೊಡಗಿದಳು. ನಮ್ಮಮ್ಮ ಒಳಗಿನಿಂದ ‘ಒಳಗೆ ಕರೀಬೇಡ ಕಣೋ’ ಅಂತ ಸನ್ನೆ ಮಾಡುತ್ತಿದ್ದಾರೆ. ಹೊರಗೇ ನಿಲ್ಲಿಸಿದರೆ ಬೀದಿಗೆ ಕಾಣುತ್ತದೆ. ಒಳಗೆ ಕರೆದರೆ ‘ಒಳಗೆ ಕೂರಿಸ್ಕೊಂಡು ವಿಚಾರಣೆ ಮಾಡಿದ್ರಂತೆ’ ಅಂತಾಗುತ್ತದೆ. ಕೊನೆಗೆ ಬಾಗಿಲಿನ ಹೊಸ್ತಿಲ ಮೇಲೆ, ಅರ್ಧ ಒಳಗೆ ಅರ್ಧ ಹೊರಗೆ ನಿಲ್ಲಿಸಿ ಕಾಫಿ ಕೊಟ್ಟೆವು. ಪಾಪ, ಅವನೂ ಹಾಗೇ ಕುಡಿದ. ಫೋನ್ ನಂಬರ್ ಬರೆದುಕೊಂಡ, ತನ್ನದು ಕೊಟ್ಟ, ಹೋದ.

ಮೂರು ದಿನ ನಾನು ಬೀದಿಯ ತುಂಬ ವಿವರಣೆ ಕೊಟ್ಟೆ. ಹಾಲಿನ ಬೂತಿನಲ್ಲಿ ಒಬ್ಬರು ಭುಜ ಮುಟ್ಟಿ, ‘ಒಳ್ಳೇ ಲಾಯರ್ ಇದಾರೆ, ಬೇಕಾದ್ರೆ ಹೇಳಿ’ ಅಂದರು. ಅದೇ ಪೊಲೀಸ್ ಆಮೇಲೆ ಬೀದಿಯ ಎಲ್ಲ ಮನೆಗೂ ಹೋದ ಅನ್ನಿ. ಅದರಿಂದ ನನ್ನ ಹೆಸರೇನೂ ತೊಳೆಯಲಿಲ್ಲ. ‘ನಿಮ್ಮ ಮನೆ ಕೇಸಿಗೆ ಸಾಕ್ಷಿ ಕೇಳೋಕೆ ಬಂದಿದ್ರು’ ಅಂತ ಎದುರು ಮನೆಯವರು ನನಗೇ ಹೇಳಿದರು.

ಸಾಕ್ಷಿ ಅಂದಾಗ ನೆನಪಾಯಿತು. ನಮ್ಮ ಮುಂದಿನ ಕ್ರಾಸಿನಲ್ಲಿ ಒಮ್ಮೆ ವಾಕಿಂಗ್ ಹೋಗುತ್ತಿದ್ದ ಅಜ್ಜಿಯ ಸರ ಕಿತ್ತುಕೊಂಡು ಹೋದರು. ಅವತ್ತು ಸಂಜೆ ಟೀ ಅಂಗಡಿಯಲ್ಲಿ ನೋಡಬೇಕಿತ್ತು. ಬೈಕು ಕಪ್ಪು ಪಲ್ಸರ್ ಅಂತ ಒಬ್ಬ. ಹಿಂದೆ ಕೂತವನ ಎಡಗಿವಿಯಲ್ಲಿ ಕಡಕು ಇತ್ತು ಅಂತ ಇನ್ನೊಬ್ಬ. ಚಪ್ಪಲಿ ಬಣ್ಣ ಕೂಡ ಗೊತ್ತಿತ್ತು ಒಬ್ಬರಿಗೆ. ಅಷ್ಟರಲ್ಲಿ ಒಬ್ಬ ಪೇದೆ ಬಂದು ಜೇಬಿನಿಂದ ಪುಸ್ತಕ ತೆಗೆದು, ‘ಯಾರ್ ನೋಡಿದ್ದು? ಹೆಸರು ಹೇಳಿ’ ಅಂದರು. ಬೀದಿಗೆ ಬೀದಿಯೇ ಆ ಹೊತ್ತಿಗೆ ಸ್ನಾನ ಮಾಡುತ್ತಿತ್ತು.

ಸರಿ, ಕ್ಯಾಮೆರಾ ಹಾಕಿಸೋಣ ಅಂತಾಯಿತು. ಮನೆಗೆ ಸಾವಿರ ರೂಪಾಯಿ ಹಾಕಿದೆವು. ಕಂಬ ಬಂತು, ಕ್ಯಾಮೆರಾ ಬಂತು. ಉದ್ಘಾಟನೆಗೆ ಗಣ್ಯರು ಬರಬೇಕಲ್ಲ, ಅವರಿಗೆ ಸ್ವಾಗತ ಕೋರಿ ಹದಿನೈದು ಅಡಿ ಫ್ಲೆಕ್ಸ್ ಬಂತು. ಫ್ಲೆಕ್ಸ್ ಕಟ್ಟಲು ಬೀದಿಯಲ್ಲಿ ಗಟ್ಟಿ ಕಂಬ ಅಂತ ಇದ್ದಿದ್ದು ಅದೊಂದೇ. ಎರಡು ತಿಂಗಳ ಮೇಲೆ ಎರಡನೇ ಸರ ಹೋಯಿತು. ದೃಶ್ಯ ತೆಗೆಸಿ ನೋಡಿದರೆ ತೆರೆಯ ತುಂಬ ಒಬ್ಬ ಮುಖಂಡರ ಬೆನ್ನು. ಫ್ಲೆಕ್ಸಿನ ಮುಂಭಾಗ ರಸ್ತೆ ಕಡೆ ಇತ್ತು. ಹಿಂಭಾಗದ ಬಿಳಿ ಬಟ್ಟೆಯಲ್ಲಿ ಅವರ ನೆರಳು ಮಾತ್ರ ಕಾಣುತ್ತಿತ್ತು, ಅದೂ ಕೈ ಮುಗಿದುಕೊಂಡು. ಫ್ಲೆಕ್ಸ್ ತೆಗೆಯೋಣ ಅಂದರೆ ಯಾರಿಗೂ ಧೈರ್ಯ ಬರಲಿಲ್ಲ. ಗಾಳಿಗೆ ಅದು ತಾನೇ ಹರಿದು ಬಿದ್ದ ಮೇಲೆ ಕ್ಯಾಮೆರಾ ಚೆನ್ನಾಗಿ ಕೆಲಸ ಮಾಡುತ್ತಿದೆ. ಖಾಲಿ ಸೈಟಿಗೆ ಕಸದ ಚೀಲ ಎಸೆಯುವವರು ಯಾರು ಅಂತ ಪತ್ತೆಯಾಗಿ ನಾಲ್ಕು ಮನೆಗಳು ಮಾತು ಬಿಟ್ಟಿವೆ.

ಇಷ್ಟೆಲ್ಲ ಆದ ಮೇಲೆ ನಮ್ಮ ಬಡಾವಣೆಯ ಗಣಪತಿ ದೇವಸ್ಥಾನದ ಮುಂದೆ ಶಾಮಿಯಾನ ಹಾಕಿ ಜನಸಂಪರ್ಕ ಸಭೆ ಕರೆದರು. ಹತ್ತು ಗಂಟೆ ಅಂದಿದ್ದು ಹನ್ನೊಂದೂವರೆಗೆ ಶುರುವಾಯಿತು. ಸ್ವಾಗತ, ಪ್ರಾರ್ಥನೆ, ಶಾಲು, ಪೇಟ, ಹಣ್ಣಿನ ಬುಟ್ಟಿ ಮುಗಿಯುವಷ್ಟರಲ್ಲಿ ಸಂಪರ್ಕಕ್ಕೆ ಉಳಿದಿದ್ದು ಮುಕ್ಕಾಲು ಗಂಟೆ.

ಮೊದಲು ಎದ್ದವರು ನಿವೃತ್ತ ಮೇಷ್ಟ್ರು. ‘ಹಂಪ್ ತೆಗೆಸಿ’ ಅಂದರು. ಹೋದ ವರ್ಷ ಇದೇ ಮೇಷ್ಟ್ರು ‘ಹಂಪ್ ಹಾಕಿಸಿ’ ಅಂತ ಅರ್ಜಿ ಬರೆದಿದ್ದರು. ಎರಡನೇ ಸಹಿ ನನ್ನದೇ. ಅರ್ಜಿಗೆ ಉತ್ತರ ಬರಲಿಲ್ಲ. ಯಾರದೋ ಮನೆ ಮೋಲ್ಡಿಂಗ್ ಮುಗಿದು ಕಾಂಕ್ರೀಟ್ ಉಳಿದಿತ್ತು, ನಾವೇ ರಾತ್ರಿ ಸುರಿದೆವು. ಇದಕ್ಕೆ ಅಳತೆ ಇದೆ ಅಂತ ಆಮೇಲೆ ಗೊತ್ತಾಯಿತು. ಭಾರತೀಯ ರಸ್ತೆ ಕಾಂಗ್ರೆಸ್ ಅಂತ ಒಂದಿದೆ. ಪಕ್ಷ ಅಲ್ಲ, ಎಂಜಿನಿಯರುಗಳದ್ದು. ಅವರ ಪ್ರಕಾರ ಹಂಪ್ 3.7 ಮೀಟರ್ ಅಗಲ ಇರಬೇಕು, ನಡುವೆ 10 ಸೆಂಟಿಮೀಟರ್ ಎತ್ತರ ಇರಬೇಕು, ಬಣ್ಣ ಇರಬೇಕು, ಮೊದಲೇ ತಿಳಿಸುವ ಫಲಕ ಇರಬೇಕು. ನಮ್ಮದು ಅಗಲ ಒಂದೂವರೆ ಅಡಿ, ಎತ್ತರ ಮುಕ್ಕಾಲು ಅಡಿ. ಕತ್ತಲಲ್ಲಿ ಎಮ್ಮೆ ಮಲಗಿದ ಹಾಗೆ ಕಾಣುತ್ತದೆ. ಎಮ್ಮೆಯೇ ವಾಸಿ, ಎದ್ದು ಹೋಗುತ್ತಿತ್ತು. ಅದರ ಮೇಲೆ ಮೊದಲು ಬಿದ್ದವರು ಮೇಷ್ಟ್ರ ಹೆಂಡತಿ.

ಆಮೇಲೆ ಬಟ್ಟೆ ಅಂಗಡಿಯವರು ಎದ್ದರು. ಅವರ ದನಿಯಲ್ಲಿ ನಿಜವಾಗಿ ನೋವಿತ್ತು. ‘ಚಿಕ್ಕ ಚಿಕ್ಕ ಹುಡುಗ್ರು ಸಾರ್, ಮೀಸೆ ಬಂದಿಲ್ಲ. ಒಂದು ಗಾಡೀಲಿ ಮೂರು ಮೂರು ಜನ! ವೀಲಿಂಗ್ ಬೇರೆ. ಅವರ ಅಪ್ಪ ಅಮ್ಮನ್ನ ಒಳಗೆ ಹಾಕ್ಬೇಕು ಸಾರ್!’ ಜೋರಾಗಿ ಚಪ್ಪಾಳೆ ಬಿತ್ತು. ಅಧಿಕಾರಿಗೆ ಹುರುಪು ಬಂತು. ಅಪ್ರಾಪ್ತರ ಕೈಗೆ ಗಾಡಿ ಕೊಟ್ಟರೆ ಪೋಷಕರಿಗೆ 25,000 ರೂಪಾಯಿ ದಂಡ, 3 ವರ್ಷದ ತನಕ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು ಅಂತ ವಿವರಿಸಿದರು. ಇನ್ನೂ ಜೋರಾಗಿ ಚಪ್ಪಾಳೆ ಬಿತ್ತು.

ಸಭೆ ಮುಗಿಯಿತು. ಶಾಮಿಯಾನದ ಹೊರಗೆ ಒಂದು ಡಿಯೋ ನಿಂತಿತ್ತು. ಬಟ್ಟೆ ಅಂಗಡಿಯವರ ಮಗ, ಹತ್ತನೇ ಕ್ಲಾಸು, ಅಪ್ಪನನ್ನು ಕರೆದುಕೊಂಡು ಹೋಗಲು ಬಂದಿದ್ದ. ಅಪ್ಪ ಹಿಂದೆ ಕೂತರು. ಕೂತು, ಕುಂಟುತ್ತಾ ಬಂದ ಮೇಷ್ಟ್ರನ್ನು ನೋಡಿ, ‘ಬನ್ನಿ ಮೇಷ್ಟ್ರೆ, ಬಿಸಿಲಲ್ಲಿ ಎಲ್ಲಿ ನಡೀತೀರಾ’ ಅಂತ ಮುಂದಕ್ಕೆ ಸರಿದರು. ಮೇಷ್ಟ್ರು ಹತ್ತಿದರು. ಗಾಡಿ ಅಧಿಕಾರಿಯ ಜೀಪಿನ ಮುಂದೆಯೇ ಹೋಯಿತು. ಅಧಿಕಾರಿಯ ಎರಡೂ ಕೈಯಲ್ಲಿ ಹಣ್ಣಿನ ಬುಟ್ಟಿ ಇತ್ತು. ಅವರು ದೇವಸ್ಥಾನದ ಗೋಪುರದ ಕಡೆ ನೋಡಿದರು. ಮೂರು ಕಳಶ ಇದೆ ಅದಕ್ಕೆ. ಎಣಿಸಿದರೇನೋ.

ಪೊಲೀಸರನ್ನೇ ಪಾಪ ಅಂದುಬಿಟ್ಟರೂ ತಪ್ಪಾಗುತ್ತದೆ. ತಿರುವಿನಲ್ಲಿ ಹೊಂಗೆ ಮರದ ಹಿಂದೆ ಅವಿತು ನಿಂತು, ಗಾಡಿ ಹತ್ತಿರ ಬಂದಾಗ ಚಿರತೆ ಹಾಗೆ ರಸ್ತೆಗೆ ಹಾರುವುದು ಯಾರ ಸುರಕ್ಷತೆಗೋ ಗೊತ್ತಿಲ್ಲ. ಸವಾರ ಗಾಬರಿಯಾಗಿ ಬ್ರೇಕ್ ಹಿಡಿಯುತ್ತಾನೆ, ಹಿಂದಿನವನು ಬಂದು ಗುದ್ದುತ್ತಾನೆ. ಬ್ಯಾರಿಕೇಡುಗಳ ಕಥೆ ಇನ್ನೊಂದು. ಒಡವೆ ಅಂಗಡಿಯವರು ದಾನ ಕೊಟ್ಟ ಬ್ಯಾರಿಕೇಡಿನಲ್ಲಿ ಮದುವಣಗಿತ್ತಿ ಆಳೆತ್ತರಕ್ಕೆ ನಗುತ್ತಿದ್ದಾಳೆ, ‘ನಿಧಾನವಾಗಿ ಚಲಿಸಿ’ ಅನ್ನುವುದು ಅವಳ ಉಂಗುರದಷ್ಟಿದೆ.

ಜನವರಿ ಬಂದರೆ ರಸ್ತೆ ಸುರಕ್ಷತಾ ಮಾಸ. ಒಂದು ವರ್ಷ ಹೆಲ್ಮೆಟ್ ಜಾಥಾ ನೋಡಿದೆ. ಮುಂದೆ ತೆರೆದ ಜೀಪು, ಅದರಲ್ಲಿ ಗಣ್ಯರು ನಿಂತಿದ್ದಾರೆ. ಹಿಂದೆ ನೂರಾರು ಬೈಕು. ಓಡಿಸುವವರಿಗೆಲ್ಲ ಹೊಸ ಹೆಲ್ಮೆಟ್. ಹಿಂದೆ ಕೂತವರ ಕೈಯಲ್ಲಿ ಬ್ಯಾನರ್ ಇತ್ತು, ತಲೆ ಮೇಲೆ ಬಿಸಿಲಿತ್ತು. ಅವರಿಗೂ ಹೆಲ್ಮೆಟ್ ಕಡ್ಡಾಯ ಅಂತ ಬರೆದಿದ್ದು ಆ ಬ್ಯಾನರಿನಲ್ಲೇ. ಮಾರನೇ ದಿನ ಅಂತರಸನಹಳ್ಳಿ ಮಾರ್ಕೆಟ್ಟಿನಲ್ಲಿ ಅದೇ ಹೊಸ ಹೆಲ್ಮೆಟ್ಟುಗಳು ಕಂಡವು. ಒಂದರಲ್ಲಿ ಎರಡು ಕೆಜಿ ಟೊಮೆಟೊ ಹಿಡಿಯುತ್ತದೆ, ಮೇಲೆ ಒಂದು ಕಟ್ಟು ಕೊತ್ತಂಬರಿ. ಐಎಸ್‌ಐ ಗುರುತಿನದು ಬಹಳ ಗಟ್ಟಿ, ಒಂದು ಹಣ್ಣೂ ಒಡೆಯುವುದಿಲ್ಲ ಅಂದರು.

ಮೊನ್ನೆ ಮತ್ತೆ ಗುಬ್ಬಿ ರಸ್ತೆಯಲ್ಲಿ ಹೋಗುತ್ತಿದ್ದೆ. ಬೇರೆ ಠಾಣೆಯವರು ಅಡ್ಡ ಹಾಕಿ ನಿಂತಿದ್ದರು. ಅವರನ್ನು ದಾಟಿ ಒಂದು ಕಿಲೋಮೀಟರ್ ಹೋಗಿರಬೇಕು. ಎದುರಿಗೆ ಒಂದು ಬೈಕು ಬಂತು. ಹಿಂದೆ ಹೆಂಡತಿ, ಟ್ಯಾಂಕಿನ ಮೇಲೆ ಪುಟ್ಟ ಮಗು. ಹೆಲ್ಮೆಟ್ ಇತ್ತು, ಹೆಂಡತಿಯ ಮೊಣಕೈಯಲ್ಲಿ. ಅಭ್ಯಾಸ ನೋಡಿ, ಲೈಟ್ ಮಿಣುಕಿಸಿ ತಲೆ ಮೊಟಕಿಕೊಂಡೆ. ಬೈಕು ತಕ್ಷಣ ಪಕ್ಕಕ್ಕೆ ನಿಂತಿತು. ಹೆಲ್ಮೆಟ್ ಇಸಿದುಕೊಂಡು ಹಾಕಿಕೊಳ್ಳುವಾಗ ಮುಖ ಕಂಡಿತು. ಹೊಸ್ತಿಲ ಮೇಲೆ ನಿಂತು ಕಾಫಿ ಕುಡಿದಿದ್ದ ನಮ್ಮ ಬೀಟ್ ಪೊಲೀಸು.

ಅವನೂ ನನ್ನ ಗುರುತು ಹಿಡಿದ. ‘ಥ್ಯಾಂಕ್ಸ್ ಸಾರ್’ ಅಂದ. ಆಮೇಲೆ ನನ್ನ ಕನ್ನಡಿಗೆ ನೇತಾಡುತ್ತಿದ್ದ ಹೆಲ್ಮೆಟ್ ನೋಡಿ, ದನಿ ತಗ್ಗಿಸಿ, ‘ಮಲ್ಲಸಂದ್ರದಲ್ಲೂ ಹಿಡೀತಾವ್ರೆ, ಹಾಕ್ಕೊಳ್ಳಿ’ ಅಂದ.