ಜಪಾನ್ ಚಾಕು ತರಿಸುವ ಮೊದಲು ಅಡುಗೆಕಟ್ಟೆ ನೋಡಿ

ಕಲಬುರಗಿಯ ಎಷ್ಟೋ ಮನೆಗಳಲ್ಲಿ ಅಡುಗೆಕಟ್ಟೆ ಶಹಾಬಾದ್ ಕಲ್ಲಿನದು. ಮಣೆ ತೆಗೆಯಲು ಬೇಜಾರಾದಾಗ ಆ ಕಲ್ಲಿನ ಮೇಲೇ ಉಳ್ಳಾಗಡ್ಡಿ ಇಟ್ಟು ಹೆಚ್ಚಿಬಿಡುತ್ತೇವೆ. ಅಂಥ ಕಟ್ಟೆಯ ಮೇಲೆ ಜಪಾನಿನ ಒಳ್ಳೆ ಚಾಕು ಬಾಳುವುದಿಲ್ಲ. ಒಸಾಕಾದಲ್ಲಿ ಕೂತು ಊರಿನ ಅಡುಗೆಮನೆಗೆ ಬುದ್ಧಿ ಹೇಳುತ್ತಾನೆ ಅಂತ ಸಿಟ್ಟಾಗಬೇಡಿ. ನನ್ನ ತಕರಾರು ಊರಿನ ಮೇಲಲ್ಲ. ಚಾಕು ಮಾತ್ರ ತರಿಸಿಕೊಂಡು, ಅದನ್ನು ಬಳಸುವ ರೀತಿಯನ್ನು ಜಪಾನಿನಲ್ಲೇ ಬಿಟ್ಟುಬಿಡುತ್ತೀರಲ್ಲ, ಅದರ ಮೇಲೆ.

ಈಚೆಗೆ ನಾನು ಊರಿಗೆ ಹೊರಟರೆ ನೆಂಟರೆಲ್ಲ ಕೇಳುವುದು ಚಾಕುವನ್ನೇ. "ಮ್ಯಾಲ ಅಲೆ ಅಲೆ ಗೆರಿ ಇರ್ತಾವಲ್ಲ, ಅಂಥಾದ್ದೇ ತಗೊಂಡ್ ಬಾ" ಅಂತ ನಮ್ಮ ಕಾಕಾನ ಮಗಳ ಹುಕುಂ. ಆ ಗೆರೆಗಳ ವಿಷಯ ಮೊದಲು ಮುಗಿಸಿಬಿಡೋಣ. ಬೇರೆ ಬೇರೆ ಲೋಹದ ಪದರಗಳನ್ನು ಕೂಡಿಸಿ ಬಡಿದಾಗ ಬರುವ ಚಿತ್ತಾರ ಅದು. ಇರುವುದು ಹೊರಮೈ ಮೇಲೆ. ಹೆಚ್ಚುವ ಕೆಲಸವೆಲ್ಲ ನಡುವೆ ಇರುವ ಉಕ್ಕಿನದು. ಚೆಂದಕ್ಕೆ ದುಡ್ಡು ಕೊಡುತ್ತೇನೆ ಅಂದರೆ ಕೊಡಿ, ಬೇಡ ಅನ್ನುವುದಿಲ್ಲ. ಅಂಗಡಿಯಲ್ಲಿ ಕೇಳಬೇಕಾದ್ದು ಮಾತ್ರ ಒಳಗೆ ಯಾವ ಉಕ್ಕಿದೆ ಅಂತ.

ಉಕ್ಕಿನ ಗಡಸುತನವನ್ನು ರಾಕ್‌ವೆಲ್ ಅಳತೆಯಲ್ಲಿ ಹೇಳುತ್ತಾರೆ. ಜರ್ಮನಿ ಕಡೆಯ ಚಾಕುಗಳು ಸಾಮಾನ್ಯವಾಗಿ 56ರಿಂದ 58ರ ಒಳಗಿರುತ್ತವೆ. ಜಪಾನಿನವು 60 ದಾಟುತ್ತವೆ. ಗಡಸು ಜಾಸ್ತಿ ಇರುವುದರಿಂದಲೇ ಅಲಗನ್ನು ಅಷ್ಟು ತೆಳ್ಳಗೆ ಮಸೆಯಲು ಆಗುತ್ತದೆ. ಒಂದೊಂದು ಬದಿಗೆ ಸುಮಾರು 15 ಡಿಗ್ರಿ ಕೋನ, ಹರಿತ ಬಹಳ ದಿನ ಉಳಿಯುತ್ತದೆ. ಆದರೆ ಗಡಸು ಇದ್ದಷ್ಟೂ ಉಕ್ಕು ಬಾಗುವುದಿಲ್ಲ, ಚಕ್ಕೆ ಏಳುತ್ತದೆ. ಕಲ್ಲಿನ ಕಟ್ಟೆ, ಗಾಜಿನ ಮಣೆ, ಮಾಂಸದ ಎಲುಬು, ಫ್ರೀಜರ್‌ನಿಂದ ಆಗಷ್ಟೇ ತೆಗೆದ ಗಟ್ಟಿ ಪದಾರ್ಥ, ಇವೆಲ್ಲ ಅದಕ್ಕೆ ಆಗಿಬರುವುದಿಲ್ಲ. ನಮ್ಮ ಕಡೆ ಇನ್ನೆರಡು ಶತ್ರುಗಳಿವೆ: ಒಣಕೊಬ್ಬರಿ ಮತ್ತು ಬೆಲ್ಲದ ಪೆಂಟೆ. ಬೆಲ್ಲದೊಳಗೆ ಮೊನೆ ಚುಚ್ಚಿ ಎಬ್ಬುವುದು ನಮಗೆಲ್ಲ ರೂಢಿ. ಈ ಚಾಕುವಿನಲ್ಲಿ ಹಾಗೆ ಮಾಡಿದರೆ ಬೆಲ್ಲ ಅಲ್ಲೇ ಇರುತ್ತದೆ, ಮೊನೆ ಮುರಿದು ಕೆಳಗೆ ಬೀಳುತ್ತದೆ.

ಇಲ್ಲಿನ ಬಾಣಸಿಗರಿಗೆ ಶಿರೊಗಾಮಿ, ಆಒಗಾಮಿ ಎಂಬ ಕಾರ್ಬನ್ ಉಕ್ಕುಗಳೆಂದರೆ ಪ್ರಾಣ. ಮಸೆಯುವುದು ಸುಲಭ, ಹರಿತವೂ ಅದ್ಭುತ. ಆದರೆ ತುಕ್ಕು ಹಿಡಿಯುತ್ತವೆ. ಉಳ್ಳಾಗಡ್ಡಿ, ನಿಂಬೆಹಣ್ಣು, ಪುಂಡಿಸೊಪ್ಪು ಹೆಚ್ಚಿ ಹಾಗೇ ಬಿಟ್ಟರೆ ಅಲಗು ಕಪ್ಪಾಗುತ್ತದೆ. ಪ್ರತಿ ಸಲ ತೊಳೆದು ಒರೆಸಿಯೇ ಇಡಬೇಕು. ಸಿಂಕಿನಲ್ಲಿ ರಾತ್ರಿಯಿಡೀ ಪಾತ್ರೆ ನೆನೆಸುವ ಮನೆಗೆ ಅದು ಬೇಡವೇ ಬೇಡ. ಫುಕುಯಿ ಪ್ರಾಂತ್ಯದ ತಾಕೆಫುವಿನಲ್ಲಿ ತಯಾರಾಗುವ ವಿಜಿ-10 ಎಂಬ ಸ್ಟೇನ್‌ಲೆಸ್ ಉಕ್ಕು ನಮಗೆ ಸಾಕು. ಅದರಲ್ಲಿ ಕ್ರೋಮಿಯಂ ಸುಮಾರು 15 ಶೇಕಡಾ ಇರುತ್ತದೆ, ತುಕ್ಕಿನ ಕಾಟ ಕಡಿಮೆ.

ಆಕಾರದ ವಿಷಯಕ್ಕೆ ಬಂದರೆ, ವಿಡಿಯೋಗಳಲ್ಲಿ ಮಿಂಚುವ ಗ್ಯೂತೋ ಎಂಬ ಉದ್ದನೆಯ ಚಾಕು 210 ಅಥವಾ 240 ಮಿಲಿಮೀಟರ್ ಇರುತ್ತದೆ. ನಮ್ಮ ಮಣೆಗಳ ಮೇಲೆ ಅದಕ್ಕೆ ಜಾಗ ಎಲ್ಲಿದೆ? ಬರೀ ಕಾಯಿಪಲ್ಯ ಹೆಚ್ಚುವವರಿಗೆ ನಾಕಿರಿ ಅಂತ ಚೌಕ ಮೂತಿಯ ಚಾಕು ಇದೆ. ಮೆಂತೆ, ಕೊತ್ತಂಬರಿ, ಎಲೆಕೋಸು ಅದರಲ್ಲಿ ಹೆಚ್ಚುವ ಸುಖವೇ ಬೇರೆ. ಆದರೂ ನಾನು ಅದನ್ನು ತರುವುದಿಲ್ಲ. ಕಾರಣ ಎಣ್ಣೆಗಾಯಿ. ಬದನೆಕಾಯಿಯ ತೊಟ್ಟು ಉಳಿಸಿಕೊಂಡು ನಾಲ್ಕು ಸೀಳು ಮಾಡಲು ಮೊನೆ ಬೇಕು, ನಾಕಿರಿಗೆ ಮೊನೆಯಿಲ್ಲ. ಸಾಂತೋಕು ಎಂಬ ಚಾಕುವಿಗೆ ಇದೆ. 165ರಿಂದ 180 ಮಿಲಿಮೀಟರ್ ಉದ್ದ, ಜಪಾನಿನ ಮನೆಮನೆಯಲ್ಲೂ ಇರುವುದು ಇದೇ. ಹತ್ತು ಸಾವಿರ ಯೆನ್ ಆಸುಪಾಸಿನಲ್ಲಿ ಒಳ್ಳೆಯದೇ ಸಿಗುತ್ತದೆ. ಒಂದೇ ಬದಿಗೆ ಮಸೆದ ಚಾಕುಗಳ ಗೊಡವೆಗೆ ಹೋಗಬೇಡಿ. ಅವು ಹಸಿ ಮೀನು ಕೊಯ್ಯುವಂಥ ಕೆಲಸಕ್ಕೆ ಆದವು. ಬಲಗೈಯವರಿಗೆಂದೇ ಮಾಡಿರುತ್ತಾರೆ, ಎಡಗೈಯವರಿಗೆ ಬೇರೆ ಮಾಡಿಸಬೇಕು, ರೇಟೂ ಜಾಸ್ತಿ.

ಎರಡು ಊರಿನ ನಿಜವಾದ ವ್ಯತ್ಯಾಸ ನನಗೆ ಕಾಣುವುದು ಸಾಣೆಯಲ್ಲಿ. ಒಸಾಕಾದ ದಕ್ಷಿಣಕ್ಕೆ ಸಕಾಯಿ ಅಂತ ಊರಿದೆ. ಎದೊ ಕಾಲದಲ್ಲಿ (1603–1868) ತಂಬಾಕು ಕತ್ತರಿಸುವ ಚಾಕುಗಳಿಗೆ ಹೆಸರಾದ ಊರು. ಅಲ್ಲಿ ಬಡಿಯುವವರು ಬೇರೆ, ಮಸೆಯುವವರು ಬೇರೆ, ಹಿಡಿ ಕೂಡಿಸುವವರು ಬೇರೆ. ಮಸೆಯುವುದೇ ಒಂದು ಪೂರಾ ಕಸುಬು. ಚಾಕು ಮನೆಗೆ ಬಂದ ಮೇಲೆ ಆ ಕೆಲಸ ಮನೆಯವರ ಪಾಲಿಗೆ ಬರುತ್ತದೆ. 1000 ನಂಬರಿನ, ಅಂದರೆ ಮಧ್ಯಮ ನುಣುಪಿನ ಸಾಣೆಕಲ್ಲನ್ನು ನೀರಲ್ಲಿ ನೆನೆಸಿ, ಕೆಳಗೆ ಒದ್ದೆ ಬಟ್ಟೆ ಹಾಸಿ, ಚಾಕುವಿನ ಬೆನ್ನನ್ನು ಚೂರೇ ಎತ್ತಿ ಹಿಡಿದು ಹಿಂದೆ ಮುಂದೆ ಎಳೆಯುತ್ತಾರೆ. ಕಲ್ಲಿನ ಮೇಲೆ ಬೂದುಬಣ್ಣದ ರಾಡಿ ಏಳುತ್ತದೆ. ಅದನ್ನು ತೊಳೆಯಬಾರದು, ಮಸೆಯುವುದರಲ್ಲಿ ಅದರ ಪಾಲೂ ಇದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಬದಿಯ ಅಂಚಿನಲ್ಲಿ ಸಣ್ಣ ತರಿ ಬೆರಳಿಗೆ ಸಿಗುತ್ತದೆ. ಆಗ ಚಾಕು ತಿರುಗಿಸಬೇಕು. ಇಷ್ಟೇ, ಆದರೆ ಕೋನ ಅಲ್ಲಾಡಬಾರದು.

ನಮ್ಮಲ್ಲಿ ಈ ಕೆಲಸಕ್ಕೆ ಸೈಕಲ್ ಮೇಲೆ ಗಾಲಿ ಕಟ್ಟಿಕೊಂಡು ಓಣಿಗೆ ಬರುವ ಸಾಣೆಯವನಿದ್ದಾನೆ. ಕೂಗು ಹಾಕಿದರೆ ಎಲ್ಲರೂ ಕತ್ತರಿ, ಚಾಕು ಹಿಡಿದು ಹೊರಗೆ ಬರುತ್ತಾರೆ. ಆ ವ್ಯವಸ್ಥೆ ನನಗೆ ಇಷ್ಟ, ಯಾರೂ ಕಲಿಯಬೇಕಿಲ್ಲ, ಹತ್ತಿಪ್ಪತ್ತು ರೂಪಾಯಿಯಲ್ಲಿ ಮುಗಿಯುತ್ತದೆ. ಆದರೆ ಕಿಡಿ ಹಾರುವ ಆ ಗಾಲಿಗೆ ಜಪಾನಿನ ಚಾಕು ಕೊಡಬೇಡಿ. ಶಾಖಕ್ಕೆ ತೆಳ್ಳನೆಯ ಅಂಚಿನ ಹದ ಹೋಗುತ್ತದೆ, ಉಕ್ಕೂ ಸುಮ್ನೆ ಸವೆಯುತ್ತದೆ. ಸಾಣೆ ಹಿಡಿಯುವವರು ಮನೆಯಲ್ಲಿ ಯಾರೂ ಇಲ್ಲವೆಂದರೆ ಬಜಾರಿನ ಸ್ಟೀಲ್ ಚಾಕು ಕೊಳ್ಳುವುದೇ ಜಾಣತನ. ಮೆತ್ತನೆಯ ಉಕ್ಕು, ಗಾಲಿಯ ಏಟು ತಡೆಯುತ್ತದೆ.

ಈಳಿಗೆಯನ್ನಂತೂ ಅಟ್ಟಕ್ಕೆ ಹಾಕಬೇಡಿ. ಅಲಗು ನಿಂತಲ್ಲೇ ನಿಂತಿರುತ್ತದೆ, ಎರಡೂ ಕೈ ಕಾಯಿಪಲ್ಯ ಹಿಡಿಯಲು ಸಿಗುತ್ತವೆ. ಜಪಾನಿನ ಯಾವ ಚಾಕುವಿನಲ್ಲೂ ಈ ಸೌಕರ್ಯ ಇಲ್ಲ. ನಮ್ಮವ್ವ ಸಾಂತೋಕು ಕೈಯಲ್ಲಿ ಹಿಡಿದು ನೋಡಿ, "ಇಷ್ಟ ತೆಳ್ಳಗದ, ಕೊಬ್ರಿಗೆ ತಡೀತದೇನು?" ಅಂದಳು. ತಡೆಯುವುದಿಲ್ಲ. ಅವಳ ಮನೆಯಲ್ಲಿ ಟೊಮೆಟೊ, ಉಳ್ಳಾಗಡ್ಡಿ ಸಾಂತೋಕುವಿಗೆ, ಕೊಬ್ಬರಿ ಈಳಿಗೆಗೆ ಅಂತ ಹಂಚಿಕೆಯಾಗಿದೆ. ಮೊಣಕಾಲು ನೋವು ಇರುವವರಿಗೆ ನೆಲದ ಮೇಲೆ ಕೂರುವುದು ಕಷ್ಟ, ಅದೂ ನಿಜ. ಅವರು ಹೆಚ್ಚಲು ದೊಡ್ಡ ಮರದ ಮಣೆಯೊಂದನ್ನು ಮೊದಲು ಕೊಳ್ಳಲಿ.

ಇಷ್ಟಾದ ಮೇಲೂ ಬೇಕೇ ಬೇಕು ಅನ್ನುವವರಿಗೆ ತಂದುಕೊಡುತ್ತೇನೆ, ಆದರೆ ಚಾಕುವಿನ ಜೊತೆ ಸಾಣೆಕಲ್ಲಿಗೂ ದುಡ್ಡು ಕೊಡಬೇಕು. ನೀವೇ ಜಪಾನಿಗೆ ಬಂದು ಕೊಳ್ಳುವುದಾದರೆ ಅಂಗಡಿಯವರು ಕಟ್ಟಿಕೊಟ್ಟ ಡಬ್ಬಿಯನ್ನು ಬಿಚ್ಚಬೇಡಿ. 6 ಸೆಂಟಿಮೀಟರ್‌ಗಿಂತ ಉದ್ದದ ಅಲಗನ್ನು ಕಾರಣವಿಲ್ಲದೆ ಜೊತೆಗಿಟ್ಟುಕೊಂಡು ತಿರುಗುವುದು ಇಲ್ಲಿ ಅಪರಾಧ. ವಿಮಾನದಲ್ಲಿ ಅದು ಚೆಕ್-ಇನ್ ಸೂಟ್‌ಕೇಸಿನೊಳಗೇ ಹೋಗಬೇಕು, ಕೈಚೀಲದಲ್ಲಿ ಬಿಡುವುದಿಲ್ಲ.